ಕಸ್ತೂರಿ ಮುಚ್ಚಿಸಿದ ಬಾಗಿಲು

ನಾನು ಒಂದು ಬಾಗಿಲು. ಹುಟ್ಟಿದ್ದು ಯಲ್ಲಾಪುರದ ಕಾಡಿನ ಸಾಗುವಾನಿಯಾಗಿ, ಬಾಗಿಲಾದದ್ದು ಬಡಿಗೇರ ಮೌನೇಶಪ್ಪನ ಕೈಯಲ್ಲಿ. ಕೊನೆಯ ಸಲ ಕೀಸುಳಿ ಹೊಡೆದು, ಬೆನ್ನು ತಟ್ಟಿ, "ಒಳಗಿನ ಮಾತು ಹೊರಗ ಹೋಗಂಗಿಲ್ಲ ನೋಡು" ಅಂದಿದ್ದ. ಆಗ ನಾನು ಹೆಮ್ಮೆಪಟ್ಟಿದ್ದೆ.

ಮೊದಲು ಅರಳೆ ವ್ಯಾಪಾರಿಯೊಬ್ಬರ ಮನೆಯ ಪಡಸಾಲೆಗೆ ನಿಂತೆ. ಮುಂದೆ ಆ ಮನೆ ಸರಕಾರದ ಪಾಲಾಗಿ, ಪಡಸಾಲೆಯಲ್ಲಿ ಕೌಟುಂಬಿಕ ನ್ಯಾಯಾಲಯ ಬಂದು ಕೂತಿತು. ಹೊಸ ಸೊಸೆಯಂದಿರು ಸೇರು ಒದ್ದು ಬರುತ್ತಿದ್ದ ಹೊಸಿಲಿನಲ್ಲಿ ಈಗ ಸೊಸೆಯರು ವಕೀಲರನ್ನು ಕಟ್ಟಿಕೊಂಡು ಬಂದರು. ನನ್ನ ಒಂದು ಮೈ ನ್ಯಾಯಾಧೀಶರ ಕಡೆಗೆ, ಇನ್ನೊಂದು ಮೈ ಜನ ಕಾಯುವ ಜಗಲಿಯ ಕಡೆಗೆ. ಎರಡೂ ಕಡೆಯ ಅಳು ಕೇಳಿದವನು ನಾನೊಬ್ಬನೇ.

ಒಬ್ಬ ತಾಯಿಯ ಕಥೆ ಹೇಳಬೇಕು. ನಿಜವಾದ ಹೆಸರು ಹೇಳುವುದಿಲ್ಲ, ಕಸ್ತೂರಿ ಅನ್ನೋಣ. ಮಗ್ಗದ ಶೆಡ್ಡಿನಲ್ಲಿ ದುಡಿಯುವವಳು. ಗಂಡ ಬೇರೆಯಾಗಿದ್ದ, ಮಗಳು ಭೂಮಿಕಾ ಯಾರ ಹತ್ತಿರ ಇರಬೇಕೆಂಬುದೇ ವ್ಯಾಜ್ಯ. ಆ ದಿನ ಕಸ್ತೂರಿ ಸೆರಗನ್ನು ಬಾಯಿಗೆ ಒತ್ತಿಕೊಂಡು, "ಮೇಡಂ, ಬಾಗಿಲಾ ಹಾಕಸ್ರಿ. ಎಲ್ಲಾರ ಮುಂದ ಹೇಳೂ ಮಾತಲ್ಲ" ಅಂದಳು.

ನ್ಯಾಯಾಧೀಶೆ ಸನ್ನೆ ಮಾಡಿದರು. ಜವಾನ ಮಾಬೂಸಾಬ ಗಂಡ-ಹೆಂಡತಿ, ವಕೀಲರನ್ನು ಬಿಟ್ಟು ಉಳಿದವರನ್ನೆಲ್ಲ ಹೊರಗೆ ಕಳಿಸಿ ಒಳಗಿನಿಂದ ನನ್ನನ್ನು ಮುಚ್ಚಿದ. ಪತ್ರಿಕೆಯ ವರದಿಗಾರ ಗುರುಪಾದನೂ ಹೊರಗೆ ಹೋದ.

"ನನಗ ಟಿ.ಬಿ. ಆಗೇತ್ರಿ," ಅಂದಳು ಕಸ್ತೂರಿ. "ಕೂಸಿಗೆ ಹತ್ತಬಾರದು. ಗುಳಿಗಿ ಮುಗಿಯೂತನಕ ಅವರಪ್ಪನ ಕಡೆ ಇರ್ಲಿ. ಊರಾಗ ಗೊತ್ತಾತಂದ್ರ ಸಾಲ್ಯಾಗ ಅಕಿ ಜೋಡಿ ಯಾರೂ ಕುಂತು ಉಣ್ಣೂದಿಲ್ಲ. ಆರಾಮಾದ ಮ್ಯಾಲ ನನ್ನ ಕೂಸು ನನಗ ಕೊಡ್ರಿ."

ನ್ಯಾಯಾಧೀಶೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಹಾಗೆಯೇ ಆದೇಶವಾಯಿತು. ಕಾಯಿಲೆಯ ಮಾತು ಹೊರಗೆ ಹೋಗಬಾರದೆಂದೂ ಹೇಳಿದರು.

ಹೊರಗೆ ಗುರುಪಾದ ನನಗೆ ಕಿವಿಯಿಟ್ಟು ನಿಂತಿದ್ದ. ಮೌನೇಶಪ್ಪನ ಕೆಲಸ, ಏನು ಕೇಳೀತು! ನಾನು ತೆರೆದುಕೊಂಡಾಗ ಮೊದಲು ಕೈಗೆ ಸಿಕ್ಕವರು ಗಂಡನ ಕಡೆಯ ವಕೀಲರು. "ಮಗು ತಂದಿ ಕಡೆ. ತಾಯೀನ ಒಪ್ಪಿದ್ಲು" ಎಂದು ಹೇಳಿ ಹೋದರು. ಅದೇನೂ ಸುಳ್ಳಲ್ಲ. ಮರುದಿನ ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಬಂತು: 'ಹೆತ್ತ ಮಗಳೇ ಬೇಡವೆಂದ ತಾಯಿ!' ಕೆಳಗೆ ಅವಳ ಹೆಸರು, ಓಣಿಯ ಹೆಸರು.

ಮಾಬೂಸಾಬ ಓದಿ ಹಣೆ ಬಡಿದುಕೊಂಡ. ಕಸ್ತೂರಿ ಪತ್ರಿಕೆಯ ಕಚೇರಿಗೆ ಹೋಗಬಹುದಿತ್ತು. ಹಾಗಾದರೆ ಮಗುವನ್ನು ಯಾಕೆ ಬಿಟ್ಟೆ ಎಂದು ಕೇಳುತ್ತಿದ್ದರು, ಅದಕ್ಕೆ ಉತ್ತರ ಕೊಟ್ಟರೆ ಮಗಳಿಗೇ ಪೆಟ್ಟು. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡು ಸುಮ್ಮನಾದಳು.

ಗುಳಿಗೆ ಮುಗಿದವು. ಮೈ ಕೈ ತುಂಬಿಕೊಂಡು, ಮಗಳಿಗೆ ಹೊಸ ಲಂಗ ಹಿಡಿದುಕೊಂಡು ಕಸ್ತೂರಿ ಬಂದಳು. ಭೂಮಿಕಾ ನನ್ನ ಚೌಕಟ್ಟು ಹಿಡಿದು ನಿಂತಿದ್ದಳು, ಒಳಗೆ ಬರಲಿಲ್ಲ.

"ಬಾರವ್ವ, ಮನಿಗೆ ಹೋಗೂಣು."

"ನಾ ಬ್ಯಾಡಂದಿ ನೀ. ಪೇಪರ್‌ನ್ಯಾಗ ಬಂದಿತ್ತು. ಸಾಲ್ಯಾಗ ಎಲ್ಲಾರೂ ಓದ್ಯಾರ."

"ಇಲ್ಲ ಕೂಸ, ನನಗ ಆಗ..." ಕಸ್ತೂರಿ ಸುತ್ತ ನೋಡಿದಳು. ಜಗಲಿಯ ತುಂಬ ಜನ. "ಒಳಗ ಬಾ. ಬಾಗಿಲಾ ಹಾಕಿ ಹೇಳತೇನಿ."

"ಬಾಗಿಲಾ ಹಾಕೇ ಅಲ್ಲಾ ನೀ ಬ್ಯಾಡ ಅಂದದ್ದು?"

ನನ್ನ ಚೌಕಟ್ಟಿನಿಂದ ಆ ಪುಟ್ಟ ಕೈ ಬಿಟ್ಟುಹೋಯಿತು. ಅಪ್ಪನ ಕಡೆ ನಡೆದಳು. ನ್ಯಾಯಾಧೀಶೆ ಆಮೇಲೆ ಕರೆದು ಕೂರಿಸಿಕೊಂಡು ತಿಳಿಹೇಳಿದರು. ಮಗು ಕೇಳಿಸಿಕೊಂಡಿತು, ನಂಬಲಿಲ್ಲ. ಅಪ್ಪನ ಹತ್ತಿರವೇ ಇರುತ್ತೇನೆಂದು ಹಟ ಹಿಡಿಯಿತು. ಭೇಟಿಯ ಶನಿವಾರಗಳಲ್ಲಿ ಕಸ್ತೂರಿ ಬೆಂಚಿನ ಮೇಲೆ ಆ ಲಂಗವನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದಳು. ಲಂಗ ಮಗಳಿಗೆ ಗಿಡ್ಡವಾಗುವಷ್ಟು ಕಾಲ ಕಾದಳು.

ವರ್ಷಗಳ ಮೇಲೆ ಬಂದ ನ್ಯಾಯಾಧೀಶರೊಬ್ಬರು ವರದಿಗಾರರನ್ನು ಒಳಗೇ ಕೂರಿಸಿದರು. ಹೆಸರು ಬರೆಯಬಾರದು, ಗುರುತು ಹತ್ತಬಾರದು, ಮಾತನ್ನು ಪೂರ್ತಿ ಕೇಳಿಯೇ ಬರೆಯಬೇಕು ಎಂದು ಷರತ್ತು ಹಾಕಿದರು. ತಲೆ ನರೆತ ಗುರುಪಾದನೂ ಬಂದು ಕೂತ. ಇನ್ನೊಬ್ಬ ತಾಯಿಯ ಮಾತನ್ನು ಕೊನೆಯವರೆಗೆ ಕೇಳಿ ಹೊರಬಂದವನು ಮಾಬೂಸಾಬನನ್ನು ಮೆಲ್ಲಗೆ ಕೇಳಿದ: "ಅವತ್ತ ಕಸ್ತೂರಿ ಒಳಗ ಏನಂದಿದ್ಲು?"

"ಅವತ್ತ ಕೇಳಬೇಕಿತ್ತ್ರಿ," ಅಂದ ಮಾಬೂಸಾಬ.

ಈಗ ಆ ಕಟ್ಟಡವೂ ಇಲ್ಲ. ಗುಜರಿ ಅಂಗಡಿಯ ಹಿಂದೆ ರದ್ದಿ ಪತ್ರಿಕೆಗಳ ಗಂಟುಗಳಿಗೆ ಒರಗಿಕೊಂಡಿದ್ದೇನೆ. ಗೋಡೆಯೇ ಇಲ್ಲದ ಮೇಲೆ ನನ್ನನ್ನು ಯಾರು ಮುಚ್ಚುತ್ತಾರೆ? ಹಳೆಯ ಬಾಗಿಲು ಕೊಳ್ಳಲು ಬಂದ ಹೆಣ್ಣುಮಕ್ಕಳು ಚೌಕಟ್ಟು ಮುಟ್ಟಿದಾಗಲೆಲ್ಲ, ಅದೇ ಪುಟ್ಟ ಕೈ ಬೆಳೆದು ಬಂದಿತೇ ಎಂದು ಹುಡುಕುತ್ತೇನೆ. ಭೂಮಿಕಾ ಎಂದು ನಾನು ಕರೆದ ಮಗುವೇ, ಎಲ್ಲಿದ್ದೀಯೋ. ನಿನ್ನವ್ವ ನಿನ್ನನ್ನು ಬೇಡವೆನ್ನಲಿಲ್ಲ. 'ನನ್ನ ಕೂಸು ನನಗ ಕೊಡ್ರಿ' ಅಂದಿದ್ದಳು. ನಾನು ಕೇಳಿದ್ದೇನೆ.