ತಗಡಿನ ಜಿರಲೆ

ಮಗಳು ಆಶಾರಾಣಿ ಹಾರ್ಲಿಕ್ಸ್ ಬಾಟಲಿಯಲ್ಲಿ ಜಿರಲೆ ಸಾಕಿದಾಗಿನಿಂದ ಉಮಾಮಹೇಶ್ವರಿ ಅವಳ ಕೋಣೆಗೆ ಕಾಲಿಡುತ್ತಿರಲಿಲ್ಲ. ಅವು ಆರು ಕಾಲಲ್ಲಿ ಹೇಗೆ ನಡೆಯುತ್ತವೆಂದು ತಿಳಿಯಲು ಮಗಳು ಹರಿಹರದ ಗುಜರಿಯಿಂದ ಮೋಟಾರು ತಂದು, ಇಂಜಿನಿಯರಿಂಗ್ ಪ್ರಾಜೆಕ್ಟಿಗೆಂದು ತಗಡಿನ ಜಿರಲೆಯನ್ನೇ ಮಾಡಿದ್ದಳು.

ಆಯುಧಪೂಜೆಯ ದಿನ ಅದನ್ನೂ ಸ್ಕೂಟರಿನ ಪಕ್ಕ ತಂದಿಟ್ಟಳು.

"ಈ ಹೊಲಸಿಗೂ ವಿಭೂತಿ ಹಚ್ಬೇಕೇನೆ?" ಎಂದು ಮೂಗು ಮುರಿಯುತ್ತಲೇ ಉಮಾಮಹೇಶ್ವರಿ ವಿಭೂತಿ ಹಚ್ಚಿ, ಸ್ಕೂಟರಿನ ಚಕ್ರಕ್ಕೆ ಇಟ್ಟಂತೆ ಅದರ ಕಾಲಿಗೂ ನಿಂಬೆಹಣ್ಣು ಇಟ್ಟಳು.

ಆಶಾರಾಣಿ ಸ್ವಿಚ್ ಒತ್ತಿದಳು. ಯಂತ್ರ ನಿಂಬೆಹಣ್ಣನ್ನು ಎಡವಿ ಅಂಗಾತ ಬಿದ್ದು, ಆರೂ ಕಾಲು ಬಡಿಯತೊಡಗಿತು. ಉಮಾಮಹೇಶ್ವರಿಯ ಮೈಯೆಲ್ಲ ಮುಳ್ಳೆದ್ದಿತು. ಯೋಚಿಸುವ ಮೊದಲೇ ಕೈ ಪೊರಕೆ ಹಿಡಿದಿತ್ತು. ವಿಭೂತಿಯ ಮೇಲೆಯೇ ಪಟಪಟನೆ ಏಟು ಬಿದ್ದವು.

ಮುರಿದ ಕಾಲನ್ನು ಎತ್ತಿಕೊಂಡು ಮಗಳು ನಕ್ಕಳು. "ಮೇಷ್ಟ್ರು ಪಾಸ್ ಮಾಡ್ಲಿ ಬಿಡ್ಲಿ, ನೀನಂತೂ ಇದು ಜಿರಲೇನೇ ಅಂತ ಒಪ್ಕಂಡಿ."