ಬಾಗಿಲಾಚೆ ಮುಖ ಮಾಡಿದ ಬೂಟುಗಳು

ನಮ್ಮ ಮನೆಯ ಮೆಟ್ಟಿಲ ಮೇಲೆ ಎರಡೇ ಜೊತೆ ಕಾಣಬೇಕು ಎಂಬುದು ಯುನ್‌ಹೇ ಟೀಚರಮ್ಮ ಬಾಡಿಗೆಗೆ ಬಂದ ಮೇಲೆ ಆದ ಕಟ್ಟಳೆ. ಒಂದು ನನ್ನ ರಬ್ಬರ್ ಚಪ್ಪಲಿ, ಇನ್ನೊಂದು ಅವರ ಬೂಟು. ಓದಲು ಬರುವ ಹುಡುಗ ಹುಡುಗಿಯರು ಹೊಸ್ತಿಲಲ್ಲಿ ಬೂಟು ಬಿಚ್ಚಿ, ಕೈಯಲ್ಲಿ ಹಿಡಿದು, ಅಡಿಗೆಮನೆಯ ಹಿಂದಿನ ಉಗ್ರಾಣದಲ್ಲಿ, ಕೋಸಿನ ಉಪ್ಪಿನಕಾಯಿಯಾದ ಕಿಮ್ಚಿಯ ಜಾಡಿಗಳ ಸಂದಿಯಲ್ಲಿ ಇಟ್ಟು ಬರಬೇಕು. ನಾವು ಬೂಟು ಹಾಕಿಕೊಂಡು ಮನೆಯೊಳಗೆ ಓಡಾಡುವ ಜನ ಅಲ್ಲ. ಮೆಟ್ಟಿಲು ನೋಡಿದರೆ ಸಾಕು, ಒಳಗೆ ಎಷ್ಟು ಜನ ಇದ್ದಾರೆಂದು ಬೀದಿಗೆಲ್ಲ ತಿಳಿಯುತ್ತದೆ.

ಟೀಚರಮ್ಮನನ್ನು ದಕ್ಷಿಣ ಕೊರಿಯದ ಸೋಲ್ ನಗರದ ಒಂದು ಚರ್ಚು ಕಳಿಸಿತ್ತು. ಚೀನಾದ ಈ ಮೂಲೆಗೆ, ತುಮೆನ್ ಹೊಳೆಯ ದಂಡೆಗೆ ಅವರು ಬಂದದ್ದು ಬ್ರೆಡ್ ಸುಡುವುದನ್ನು ಕಲಿಸಲು ಎಂದು ಸರ್ಕಾರಕ್ಕೆ ಹೇಳಿದ್ದರು. ಸುಳ್ಳೇನಲ್ಲ, ಬ್ರೆಡ್ಡೂ ಸುಡುತ್ತಿದ್ದರು. ನಮ್ಮೂರಿನ ಕೊರಿಯದ ಮನೆಗಳಲ್ಲಿ ಅರ್ಧಕ್ಕರ್ಧ ಮಕ್ಕಳಿಗೆ ಅಮ್ಮ ಎಂದರೆ ಫೋನಿನೊಳಗಿನ ದನಿ. ತಾಯಂದಿರು ಸೋಲ್‌ನ ಹೋಟೆಲುಗಳಲ್ಲಿ ಪಾತ್ರೆ ತೊಳೆಯುತ್ತಾರೆ, ತಂದೆಯರು ಅಲ್ಲೇ ಗಾರೆ ಹೊರುತ್ತಾರೆ, ಮಕ್ಕಳು ಇಲ್ಲಿ ಅಜ್ಜ ಅಜ್ಜಿಯರ ಹತ್ತಿರ. ಆ ಮಕ್ಕಳಿಗೆ ಟೀಚರಮ್ಮ ಸಂಜೆ ಲೆಕ್ಕ ಹೇಳಿಕೊಡುತ್ತಿದ್ದರು, ಅಂಗಿಗೆ ಗುಂಡಿ ಹಚ್ಚುತ್ತಿದ್ದರು, ಮೀಸೆ ಚಿಗುರಿದ ಹುಡುಗರನ್ನೂ ಕೈ ಹಿಡಿದು ಕೂರಿಸಿ ಉಗುರು ಕತ್ತರಿಸುತ್ತಿದ್ದರು. ಶನಿವಾರ ಮಧ್ಯಾಹ್ನ ಕಿಟಕಿಗೆ ರಜಾಯಿ ಕಟ್ಟಿ ಬೈಬಲ್ ಓದಿಸುತ್ತಿದ್ದರು. ಹಾಡುವಾಗ ತುಟಿ ಬಿಚ್ಚುವಂತಿರಲಿಲ್ಲ. ಎಲ್ಲರೂ ಬಾಯಿ ಮುಚ್ಚಿ ಮೂಗಿನಲ್ಲೇ ಗುಂಯ್‌ಗುಟ್ಟುತ್ತಿದ್ದರು. ಅಡಿಗೆಮನೆಯಲ್ಲಿ ಕೂತ ನನಗೆ ಜೇನುಗೂಡಿನ ಪಕ್ಕ ಕೂತಂತೆ ಅನಿಸುತ್ತಿತ್ತು.

ಹೊರದೇಶದವರು ಇಲ್ಲಿ ಧರ್ಮ ಬೋಧಿಸುವಂತಿಲ್ಲ. ಈ ಶನಿವಾರದ ಪಾಠ ಯಾರ ಕಣ್ಣಿಗಾದರೂ ಬಿದ್ದರೆ ಟೀಚರಮ್ಮನನ್ನು ಅವತ್ತೇ ದೇಶ ಬಿಡಿಸುತ್ತಾರೆ, ಮತ್ತೆ ಕಾಲಿಡಲು ಬಿಡುವುದಿಲ್ಲ. ಆ ವರ್ಷದ ವಸಂತದಲ್ಲಿ ರೈಲುದಾರಿಯ ಕೆಳಗಿನ ಊರಿನಲ್ಲಿ ಇವರಂಥ ಇನ್ನೊಬ್ಬ ಟೀಚರನ್ನು ಮನೆಚಪ್ಪಲಿಯಲ್ಲೇ ಎಳೆದುಕೊಂಡು ಹೋಗಿದ್ದರು. ಆ ಸುದ್ದಿ ಬಂದ ಮೇಲೆ ಬೀದಿಯಲ್ಲಿ ನಾಯಿ ಬೊಗಳಿದರೂ ಟೀಚರಮ್ಮನ ಬೆರಳು ಪುಟದ ಮೇಲೆ ನಿಂತುಬಿಡುತ್ತಿತ್ತು. ನನ್ನ ಕೈಯ ಸೌಟೂ ನಿಲ್ಲುತ್ತಿತ್ತು.

ಶರತ್ಕಾಲ ಮುಗಿಯುವ ಹೊತ್ತಿಗೆ ಬೆಟ್ಟದ ಹಳ್ಳಿಯಿಂದ ಬೊಕ್‌ಸಿಲ್ ಎಂಬ ಹುಡುಗಿ ಬಂದು ಸೇರಿದಳು. ಪ್ರಾಯಕ್ಕೆ ಬಂದವಳು, ಆದರೂ ಯಾರಾದರೂ ಹಿರಿಯರು ಕೆಮ್ಮಿದರೆ ಎದ್ದು ನಿಲ್ಲುತ್ತಿದ್ದಳು. ಅವಳ ಅಜ್ಜಿ ಹಾಗೆ ಬೆಳೆಸಿದ್ದಳು.

"ಇವಳ ಅಜ್ಜಿ ಕೋಳಿಗೂ ಬಗ್ಗಿ ನಮಸ್ಕಾರ ಮಾಡಿಸ್ತಾಳಂತೆ," ಎಂದು ಹುಡುಗರು ಆಡಿಕೊಳ್ಳುತ್ತಿದ್ದರು.

"ಕೋಳಿಗಾದ್ರೆ ಮಾಡಬಹುದು, ಅದು ಮೊಟ್ಟೆ ಇಡುತ್ತೆ. ನಿಮಗ್ಯಾಕೆ ಮಾಡ್ಲಿ?" ಎನ್ನುತ್ತಿದ್ದಳು ಅವಳು. ಟೀಚರಮ್ಮ ಪುಸ್ತಕ ಅಡ್ಡ ಹಿಡಿದು ನಗುತ್ತಿದ್ದರು.

ಆ ಶನಿವಾರ ಬೆಳಿಗ್ಗೆ ಎಲೆಕೋಸಿನ ಗಾಡಿ ಬಂದು ಅಂಗಳದ ಗೋಡೆಗೆ ರಾಶಿ ಹಾಕಿ ಹೋಗಿತ್ತು. ಹಿಮ ಬೀಳುವ ಮೊದಲು ಚಳಿಗಾಲದ ಕಿಮ್ಚಿ ಹಾಕಿಬಿಡಬೇಕು. ಬೆಳ್ಳುಳ್ಳಿ, ಮೆಣಸಿನ ಪುಡಿ, ಉಪ್ಪುಸೀಗಡಿ ಕಲಸಿದ ಮಸಾಲೆ ದೊಡ್ಡ ಬೋಗುಣಿಯಲ್ಲಿ ಸಿದ್ಧವಿತ್ತು. ಕೋಸಿಗೆ ಮಾತ್ರ ಇನ್ನೂ ಉಪ್ಪು ಬಿದ್ದಿರಲಿಲ್ಲ. ಒಂದಿಷ್ಟನ್ನು ತೊಳೆದು ಅಡಿಗೆಮನೆಗೆ ತಂದಿಟ್ಟಿದ್ದೆ, ಅಷ್ಟೇ. ರಾತ್ರಿಯಿಡೀ ಉಪ್ಪಿನಲ್ಲಿ ನೆನೆದು ಮೆತ್ತಗಾಗದೆ ಯಾರೂ ಮಸಾಲೆ ಮುಟ್ಟುವುದಿಲ್ಲ.

ಪಾಠದ ನಡುವೆ ಬೊಕ್‌ಸಿಲ್ ಹಿತ್ತಲಿಗೆ ಹೋಗಿ ಬಂದಳು. ಬರುವ ದಾರಿಯಲ್ಲಿ ಅವಳ ಕಣ್ಣಿಗೆ ಉಗ್ರಾಣ ಬಿತ್ತು. ತಿನ್ನುವ ಪದಾರ್ಥದ ಜಾಡಿಗಳ ನಡುವೆ ಕೆಸರು ಬೂಟುಗಳು ಒಂದರ ಮೇಲೊಂದು. ಕಟ್ಟಳೆ ಇದೆ ಎಂದು ಅವಳಿಗೆ ಗೊತ್ತಿತ್ತು, ಯಾಕೆ ಎಂದು ಯಾರೂ ಬಿಡಿಸಿ ಹೇಳಿರಲಿಲ್ಲ. ಮನೆಗೆ ಬಂದವರ ಬೂಟನ್ನು ಒರೆಸಿ, ಹೊರಡುವಾಗ ಕಾಲು ತೂರಿಸಲು ಸುಲಭವಾಗಲಿ ಎಂದು ತುದಿ ಹೊರಗೆ ಮಾಡಿ ಜೋಡಿಸುವುದು ಒಳ್ಳೆಯ ಮನೆತನದ ಮಕ್ಕಳ ಲಕ್ಷಣ ಎಂದು ಅವಳ ಅಜ್ಜಿ ಕಲಿಸಿದ್ದಳು. ನನಗೆ ವಯಸ್ಸಾಗಿದೆ, ಬಗ್ಗಲಾರದೆ ಹಾಗೇ ಬಿಟ್ಟಿದ್ದೇನೆ ಎಂದುಕೊಂಡಳೋ ಏನೋ. ಒಂದೊಂದೇ ಜೊತೆ ತಂದು, ಒರೆಸಿ, ಮೆಟ್ಟಿಲ ಮೇಲೆ ಜೋಡಿಸಿ, ಸದ್ದಿಲ್ಲದೆ ಹೋಗಿ ಪಾಠಕ್ಕೆ ಕೂತಳು. ನಾನು ಆ ಕಡೆಗೆ ಬೆನ್ನು ಹಾಕಿ ಇನ್ನೊಂದು ಪಾಲು ಮಸಾಲೆಗೆ ಬೆಳ್ಳುಳ್ಳಿ ಜಜ್ಜುತ್ತಿದ್ದೆ, ಕಾಣಲಿಲ್ಲ.

"ಪೊಂಗ್‌ಸುನ್ ಅಕ್ಕಾ, ಮನೇಲಿದ್ದೀರಾ?"

ಗೇಟಿನ ಕಡೆಯಿಂದ ಬಂದ ಆ ದನಿ ಬೀದಿ ಸಮಿತಿಯ ಪ್ಯೊಳದು. ಯಾರ ಮನೆಗೆ ಯಾರು ಬಂದರು, ಯಾರು ಹೋದರು ಎಂದು ಠಾಣೆಗೆ ತಿಳಿಸುವುದು ಅವಳ ಕೆಲಸ. ಮಕ್ಕಳ ಗುಂಯ್‌ಗಾನ ಕತ್ತರಿಸಿದಂತೆ ನಿಂತಿತು. ನಾನು ಕೈ ಒರೆಸಿಕೊಂಡು ಬಾಗಿಲಿಗೆ ಬಂದೆ. ಅವಳು ಆಗಲೇ ಅಗುಳಿ ತೆಗೆದು ಅಂಗಳಕ್ಕೆ ಬಂದಿದ್ದಳು. ಹಿಂದೆ ಒಬ್ಬ ಎಳೆಯ ಪೊಲೀಸ್ ಅಧಿಕಾರಿ, ಚೀನಿಯವನು, ನಮ್ಮ ಮಾತು ತಿಳಿಯದವನು.

ಇಬ್ಬರೂ ಮೆಟ್ಟಿಲನ್ನೇ ನೋಡುತ್ತಿದ್ದರು. ನಾನೂ ನೋಡಿದೆ. ಹತ್ತು ಹನ್ನೆರಡು ಜೊತೆ ಬೂಟು, ಎಲ್ಲದರ ತುದಿಯೂ ಹೊರಗೆ, ಹೊಳೆಯುತ್ತ, ಅವರ ಕಡೆಗೇ ಮುಖ ಮಾಡಿ ನಿಂತಿದ್ದವು. ಬಾಗಿಲ ಚೌಕಟ್ಟು ಹಿಡಿದುಕೊಂಡೆ.

ಅವನು ಏನೋ ಕೇಳಿದ. ಪ್ಯೊ ನನಗೆ ತಿರುಗಿಸಿ ಹೇಳಿದಳು. "ಒಳಗೆ ಮದುವೆನಾ ಅಂತ ಕೇಳ್ತಿದಾರೆ."

"ಮದುವೆ ಎಲ್ಲಿ ಬಂತು, ಕಿಮ್ಚಿ ಹಾಕ್ತಿದೀವಿ," ಎಂದೆ. ಗೋಡೆಯಾಚೆ ಒಳಗಿದ್ದವರಿಗೂ ಕೇಳಲಿ ಎಂದು ಗಟ್ಟಿಯಾಗಿಯೇ ಹೇಳಿದೆ. "ಬೀದಿ ಮಕ್ಕಳೆಲ್ಲ ಕೈ ಜೋಡ್ಸೋಕೆ ಬಂದಿದಾರೆ. ಮಸಾಲೆ ಹಚ್ತಾ ಕೂತಿದಾರೆ, ಈ ಮುದುಕಿ ಒಬ್ಬಳ ಕೈಲಿ ಆಗುತ್ತಾ?"

ಪ್ಯೊಳ ಕಣ್ಣು ಗೋಡೆಯ ರಾಶಿಯ ಕಡೆ ಹೋಯಿತು. ಬೇರಿನ ಮಣ್ಣು ಸಹಿತ ಹಾಗೇ ಬಿದ್ದಿದ್ದ ಕೋಸು.

ನನ್ನ ಮಾತನ್ನು ಅವನಿಗೆ ಹೇಳಿ, ಅವನು ಅಂದದ್ದನ್ನು ಕೇಳಿ, "ಹಾಗಾದ್ರೆ ನೋಡೇ ಹೋಗ್ತಾರಂತೆ," ಎಂದಳು. "ಬೂಟು ಬಿಚ್ಚಿ ಬರ್ಲಿ," ಎಂದು ತಾನೇ ಸೇರಿಸಿ, ಅವನ ಕಡೆ ತಿರುಗಿ ಅವನ ಭಾಷೆಯಲ್ಲೂ ಹೇಳಿದಳು.

ಅವನ ಬೂಟು ಉದ್ದನೆಯ ಲೇಸಿನದು. ಮೆಟ್ಟಿಲ ಮೇಲೆ ಕೂತು ಗಂಟು ಬಿಚ್ಚತೊಡಗಿದ. ಒಂದು ಗಂಟು ಸಿಕ್ಕಾಯಿತು. ಒಳಗೆ ಬರಿಗಾಲುಗಳು ಓಡಾಡುವುದು, ಜಾಡಿಯ ಮುಚ್ಚಳ ಸರಿಯುವುದು ನನಗೆ ಕೇಳುತ್ತಿತ್ತು. ಅವನಿಗೂ ಕೇಳಬಹುದೆಂದು ನಾನು ಸುಮ್ಮಸುಮ್ಮನೆ ಕೆಮ್ಮಿದೆ. ಆ ಕೆಮ್ಮು ನಿಜವೇ ಆಯಿತು.

ಒಳಗೆ ಹೋದೆವು. ಕಿಟಕಿಯ ರಜಾಯಿ ಬಿಚ್ಚಿ ತೆಗೆದಿದ್ದರು. ಪುಸ್ತಕ ಒಂದೂ ಕಾಣಲಿಲ್ಲ, ನಾನು ತೊಳೆದಿಟ್ಟ ಖಾಲಿ ಜಾಡಿಯ ಹೊಟ್ಟೆ ಸೇರಿದ್ದವು. ಮಕ್ಕಳೆಲ್ಲ ಬೋಗುಣಿಯ ಸುತ್ತ ಕೂತು ಮೊಣಕೈವರೆಗೆ ಕೆಂಪು ಮಾಡಿಕೊಂಡು ಹಸಿ ಕೋಸಿಗೆ ಮಸಾಲೆ ಬಳಿಯುತ್ತಿದ್ದರು. ಟೀಚರಮ್ಮ ನನ್ನ ಏಪ್ರನ್ ಕಟ್ಟಿಕೊಂಡು, ತಲೆಗೆ ಟವೆಲು ಸುತ್ತಿಕೊಂಡು ತಲೆ ಬಗ್ಗಿಸಿದ್ದರು.

ಅಧಿಕಾರಿ ತೃಪ್ತಿಯಿಂದ ತಲೆಯಾಡಿಸಿದ. ಅವನಿಗೆ ಕೆಂಪು ಕೈ ಕಂಡಿತು, ಅಷ್ಟು ಸಾಕಾಯಿತು. ಪ್ಯೊ ಬಗ್ಗಿ ಒಂದು ಎಲೆ ಎತ್ತಿಕೊಂಡು ಮಡಿಸಿದಳು. ಅದು ಟಪ್ ಎಂದು ಮುರಿಯಿತು.

ಉಪ್ಪಿನಲ್ಲಿ ನೆನೆದ ಎಲೆ ಮುರಿಯುವುದಿಲ್ಲ, ಒದ್ದೆ ಬಟ್ಟೆಯ ಹಾಗೆ ಬಾಗುತ್ತದೆ. ಆ ಕೋಣೆಯಲ್ಲಿ ಅದು ಗೊತ್ತಿಲ್ಲದಿದ್ದವನು ಆ ಅಧಿಕಾರಿ ಒಬ್ಬನೇ. ಮಕ್ಕಳ ಕೈಗಳು ನಿಂತವು. ಪ್ಯೊ ಮುರಿದ ಎಲೆ ಹಿಡಿದುಕೊಂಡು ನನ್ನ ಮುಖ ನೋಡಿದಳು, ಆಮೇಲೆ ಮಕ್ಕಳನ್ನು ಒಬ್ಬೊಬ್ಬರಾಗಿ ನೋಡುತ್ತ ಹೋದಳು. ಯಾರ ಮನೆಯ ಮಕ್ಕಳು, ಯಾರ ತಾಯಿ ಎಲ್ಲಿದ್ದಾಳೆ ಎಂಬುದೆಲ್ಲ ಅವಳಿಗೆ ಗೊತ್ತು. ಅವಳ ಮಗಳೂ ಸೋಲ್‌ನಲ್ಲಿ ಪಾತ್ರೆ ತೊಳೆಯುವವಳೇ.

ಅಷ್ಟರಲ್ಲಿ ಅಧಿಕಾರಿ ಟೀಚರಮ್ಮನ ಕಡೆ ಬೆರಳು ಮಾಡಿ ಏನೋ ಕೇಳಿದ.

"ಇವಳ್ಯಾರು ಅಂತ," ಎಂದಳು ಪ್ಯೊ.

"ನನ್ನಣ್ಣನ ಸೊಸೆ," ಎಂದೆ.

ಅವನು ಕೈ ಅಡ್ಡ ಆಡಿಸಿದ. ಅವಳೇ ಹೇಳಲಿ ಎಂದು ನನಗೂ ತಿಳಿಯಿತು. ಟೀಚರಮ್ಮನ ಚೀನಿ ಭಾಷೆ ಮಗು ಮಾತಾಡಿದ ಹಾಗಿತ್ತು. ಇಲ್ಲಿ ಹುಟ್ಟಿ ಬೆಳೆದವರು ಯಾರೂ ಹಾಗೆ ಆಡುವುದಿಲ್ಲ. ಒಂದು ಮಾತು ಹೊರಬಿದ್ದರೆ ಮಕ್ಕಳ ನಡುವೆ ಕೂತವರು ಸೋಲ್‌ನವರೆಂದು ತಿಳಿದು ಎಲ್ಲ ಮುಗಿಯಿತು. ಅವರು ಮುಖ ಎತ್ತಿ ಬಾಯಿ ತೆರೆದರು.

ಪ್ಯೊ ಎಲೆಯೊಂದರ ತೆಳು ತುದಿಯನ್ನು ಹರಿದು, ದಪ್ಪಗೆ ಮಸಾಲೆ ಹಚ್ಚಿ, ಸುರುಳಿ ಸುತ್ತಿ, ಆ ಬಾಯಿಗೆ ತುರುಕಿಬಿಟ್ಟಳು.

"ಮೊದಲು ರುಚಿ ನೋಡಮ್ಮಾ ಸೊಸೆ. ನಿಮ್ಮತ್ತೆ ಉಪವಾಸ ಕೆಡವಿ ಕೆಲಸ ತೆಗೀತಾಳೆ, ಜಿಪುಣಿ."

ಕಿಮ್ಚಿ ಹಾಕುವಾಗ ಪಕ್ಕದವರ ಬಾಯಿಗೆ ಹೀಗೆ ತುತ್ತು ಇಡುವುದು ನಮ್ಮಲ್ಲಿ ಎಲ್ಲ ಮನೆಯಲ್ಲೂ ಇರುವುದೇ. ಆದರೆ ಅಷ್ಟು ದೊಡ್ಡ ತುತ್ತನ್ನು ನಾನು ಕಂಡಿರಲಿಲ್ಲ. ಟೀಚರಮ್ಮ ಕೆನ್ನೆ ಉಬ್ಬಿಸಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತ ಅಗಿಯತೊಡಗಿದರು. ಪ್ಯೊ ಇನ್ನೊಂದು ಸುತ್ತಿದಳು. ಅದನ್ನು ಅಧಿಕಾರಿಯ ಬಾಯಿಗೆ ಇಟ್ಟಳು. ಅವನ ಮುಖ ಕೆಂಪಾಯಿತು, ಬಿಕ್ಕಳಿಕೆ ಬಂತು, ನೀರು ನೀರು ಎಂದು ಕೈಸನ್ನೆ ಮಾಡಿದ. ಹುಡುಗನೊಬ್ಬ ಕಿಸಕ್ಕೆಂದ. ಆಮೇಲೆ ಎಲ್ಲರೂ ನಕ್ಕರು, ನಿಲ್ಲಿಸಲಾರದೆ ನಕ್ಕರು. ಭಯಕ್ಕೆ ಬರುವ ನಗು ಅದು, ಕೇಳಲು ಚೆನ್ನಾಗಿರಲಿಲ್ಲ. ಅವನು ಎರಡು ಬಟ್ಟಲು ನೀರು ಕುಡಿದು, ಕೇಳಿದ್ದನ್ನು ಮರೆತೋ ಬೇಡವೆಂದೋ ಬಾಗಿಲಿಗೆ ನಡೆದ.

ಮೆಟ್ಟಿಲಲ್ಲಿ ಅವರಿಬ್ಬರ ಬೂಟುಗಳೂ ತುದಿ ಹೊರಗಾಗಿ ಜೋಡಿಯಾಗಿ ಕೂತಿದ್ದವು. ಪಕ್ಕದಲ್ಲಿ ಬೊಕ್‌ಸಿಲ್ ಕೆಂಪು ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡು ನಿಂತಿದ್ದಳು. ಅಧಿಕಾರಿಯ ಲೇಸಿಗೆ ಮಸಾಲೆ ಅಂಟಿತ್ತು.

"ಯಾರ ಮಗಳೇ ನೀನು?" ಎಂದಳು ಪ್ಯೊ.

"ಅಮ್ಮ ಸೋಲ್‌ನಲ್ಲಿದಾರೆ."

ಅಧಿಕಾರಿ ಗೇಟು ದಾಟಿದ ಮೇಲೆ, ಪ್ಯೊ ಬೂಟಿಗೆ ಕಾಲು ತೂರಿಸುತ್ತ ನನ್ನ ಕಿವಿಯ ಹತ್ತಿರ ಬಂದಳು. "ಕೋಸಿಗೆ ಉಪ್ಪು ಹಾಕಿ ಅಕ್ಕ. ಮುಂದಿನ ಶನಿವಾರ ಮತ್ತೆ ಬರ್ತಾರೆ, ನಮ್ಮ ಮಾತು ಬಲ್ಲವರನ್ನ ಕರ್ಕೊಂಡು. ಅಷ್ಟರೊಳಗೆ ನಿಮ್ಮ ಸೊಸೆನ ಅವಳ ಮನೆಗೆ ಕಳಿಸಿಬಿಡಿ."

ಸಂಗತಿ ತಿಳಿದ ಮೇಲೆ ಬೊಕ್‌ಸಿಲ್ ಮೂಲೆ ಹಿಡಿದು ಕೂತಳು. ಅವತ್ತು ಅವಳನ್ನು ಯಾರೂ ಆಡಿಕೊಳ್ಳಲಿಲ್ಲ. ಟೀಚರಮ್ಮ ಅವಳ ಕೈ ಎಳೆದುಕೊಂಡು ಉಗುರ ಸಂದಿಯ ಖಾರ ತೆಗೆಯುತ್ತ ಬಹಳ ಹೊತ್ತು ಕೂತಿದ್ದರು. ತುಟಿ ಊದಿಕೊಂಡು ಅವರಿಗೆ ಮಾತಾಡಲು ಆಗುತ್ತಿರಲಿಲ್ಲ.

ಮುಂದಿನ ಶನಿವಾರ ಬರುವ ಮೊದಲೇ, ಒಂದು ಮುಂಜಾನೆ ಅವರು ಹೊರಟರು. ಬಡಗಣದ ಯಾವುದೋ ಊರಿಗೆ ಎಂದರು, ಹೆಸರು ಹೇಳಲಿಲ್ಲ, ನಾನೂ ಕೇಳಲಿಲ್ಲ. ತಿಳಿಯದಿದ್ದರೆ ಯಾರು ಕೇಳಿದರೂ ಹೇಳಲಾಗುವುದಿಲ್ಲ. ಅಂದಿನ ಮೇಲೆ ಅವರು ತಮ್ಮ ಬೂಟನ್ನೂ ಮೆಟ್ಟಿಲ ಮೇಲೆ ಬಿಟ್ಟಿರಲಿಲ್ಲ, ಉಗ್ರಾಣದಿಂದ ಕೈಯಲ್ಲಿ ಹಿಡಿದು ತಂದರು. ಬೀಳ್ಕೊಡಲು ಬಂದಿದ್ದ ಬೊಕ್‌ಸಿಲ್ ಅದನ್ನು ಅವರ ಕೈಯಿಂದ ತೆಗೆದುಕೊಂಡು, ಲಂಗದ ತುದಿಯಲ್ಲಿ ಒರೆಸಿ, ಮೆಟ್ಟಿಲ ಮೇಲೆ ತುದಿ ಹೊರಗೆ ಮಾಡಿ ಇಟ್ಟಳು. ಟೀಚರಮ್ಮ ಅದರೊಳಗೆ ಕಾಲಿಡದೆ ಸ್ವಲ್ಪ ಹೊತ್ತು ನಿಂತೇ ಇದ್ದರು. ಬೀದಿಯಲ್ಲಿ ನಾಯಿ ಬೊಗಳಿತು. ಆಗ ಕಾಲು ತೂರಿಸಿಕೊಂಡು ಬೇಗ ಬೇಗ ನಡೆದುಬಿಟ್ಟರು.

ಆ ಹಸಿ ಕೋಸು ನೀರು ಬಿಟ್ಟು ಹಾಳಾಯಿತು. ಆದರೂ ಚೆಲ್ಲಲು ಮನಸ್ಸಾಗದೆ, ಮಕ್ಕಳೂ ನಾನೂ ಚಳಿಗಾಲ ಪೂರ್ತಿ ಅದನ್ನೇ ಸಾರು ಮಾಡಿಕೊಂಡು ತಿಂದೆವು.