ಪದಕದವರ ಹೆಗಲು

ಪಿನ್ನು ಬಿಳಿ ಬಟ್ಟೆಯ ಎಳೆಗೆ ಸಿಕ್ಕಿಕೊಂಡಿತ್ತು. ಅಮ್ಮನ ಎದೆಯ ಮೇಲಿಂದ ಹಿತ್ತಾಳೆಯ ಪದಕವನ್ನು ಬಿಡಿಸುವಷ್ಟರಲ್ಲಿ ಮಗಳ ಹೆಬ್ಬೆರಳಿಗೆ ಎರಡು ಸಲ ಚುಚ್ಚಿತು.

“ಯಾರು ಹಾಕಿದ್ದು ಇದನ್ನ?”

ಅಳುತ್ತಿದ್ದವರು ಅಳು ನಿಲ್ಲಿಸಿ ಕಿವಿ ನಿಮಿರಿಸಿದರು. ಶವಪೆಟ್ಟಿಗೆಯ ಪಕ್ಕದಲ್ಲಿ ಕೂತಿದ್ದ ಅಪ್ಪ ಕನ್ನಡಕ ಒರೆಸತೊಡಗಿದರು. ಅವರ ಕೋಟಿನ ಮೇಲೂ ಅಂಥದೇ ಒಂದು ಪದಕವಿತ್ತು.

“ನಾನೇ ಕಣೇ. ನನ್ನ ಹತ್ರ ಬೇಕಾದಷ್ಟಿದೆಯಲ್ಲ.”

ಇತ್ತು. ಬೈಬಲನ್ನು ಮೊದಲಿಂದ ಕೊನೆಯವರೆಗೆ ವರ್ಷದೊಳಗೆ ಓದಿ ಮುಗಿಸಿದವರಿಗೆ ಚರ್ಚಿನ ಸಭೆ ಪದಕ ಕೊಡುತ್ತಿತ್ತು. ಅಪ್ಪ ಛಾಪಖಾನೆಯಲ್ಲಿ ಕರಡು ತಿದ್ದುತ್ತಿದ್ದವರು. ಓದಿನಲ್ಲಿ ಅವರನ್ನು ಹಿಂದೆ ಹಾಕುವವರಿರಲಿಲ್ಲ. ಪದಕದವರು ಸತ್ತರೆ ಪದಕದವರೇ ಹೆಗಲು ಕೊಡಬೇಕು, ಪದಕವಿಲ್ಲದವರಿಗೆ ಪದಕದವರು ಹೆಗಲು ಕೊಡಕೂಡದು ಎಂಬ ನಿಯಮವನ್ನು ಸಭೆಗೆ ಬರೆದುಕೊಟ್ಟವರೂ ಅವರೇ. ಜನ ಇನ್ನಷ್ಟು ಹುರುಪಿನಿಂದ ಓದಲಿ ಎಂಬ ಸದುದ್ದೇಶ. ಬರೆಯುವಾಗ, ಹೆಂಡತಿ ತಮಗಿಂತ ಮೊದಲು ಹೋಗಬಹುದೆಂದು ಹೊಳೆದಿರಲಿಲ್ಲ.

ಓದಿನ ತರಗತಿ ನಡೆಸುವ ಹಿರಿಯರು ಮೆಲ್ಲಗೆ ಮುಂದೆ ಬಂದರು. “ನೋಡಮ್ಮ, ನಿಮ್ಮ ತಾಯಿ ಈ ವರ್ಷ ಓದಿ ಮುಗಿಸಿದ್ರು ಅಂತ ನಾನೇ ಹೇಳ್ಬಿಡ್ತೀನಿ. ನಿಮ್ಮ ತಂದೆಯವರಿಗೂ ಹೆಗಲು ಕೊಡೋ ಆಸೆ ಇದೆ.”

“ಅಮ್ಮ ಒಂದು ದಿನಕ್ಕೆ ನಾಲ್ಕು ಸಾಲು ದಾಟ್ತಿರಲಿಲ್ಲ.”

“ಹೋದೋರ ಬಗ್ಗೆ ಒಂದೊಳ್ಳೆ ಮಾತು…”

“ಒಳ್ಳೆ ಮಾತು ಹೇಳಿ. ಸುಳ್ಳು ಯಾಕೆ?”

ಚಿಕ್ಕಮ್ಮ ಮೂಗೊರೆಸಿಕೊಂಡಳು. “ಹೇಳಿ ನೋಡಿ. ನಮ್ಮಕ್ಕ ಎದ್ದು ಕೂತು, ಇಲ್ಲ ಅಂತಾಳೆ.”

*

ಅಮ್ಮ ಇದ್ದಾಗ ಆ ಮನೆಯ ಬೆಳಗುಗಳೆಲ್ಲ ಒಂದೇ ಥರ ಶುರುವಾಗುತ್ತಿದ್ದವು. ಅಪ್ಪ ಅಡುಗೆಮನೆಯ ಮೇಜಿನ ಮೇಲೆ ಬೈಬಲ್ ಹರವಿಕೊಂಡು, ಎಲ್ಲಿ ರೈಲು ತಪ್ಪುತ್ತದೋ ಎಂಬಂತೆ ಅಧ್ಯಾಯಗಳನ್ನು ಓದುತ್ತಿದ್ದರು. ಅಮ್ಮ ತನ್ನದರಲ್ಲಿ ಒಂದಿಷ್ಟು ಓದಿ, ಮುಚ್ಚಿ, ಹಿಂಬಾಗಿಲ ಮೆಟ್ಟಿಲ ಮೇಲೆ ಸುಮ್ಮನೆ ಕೂರುತ್ತಿದ್ದಳು.

“ಇವತ್ತಿನ ಭಾಗ ಓದಿದ್ಯಾ?”

“ನಿನ್ನೇದೇ ಇನ್ನೂ ಅರಗಿಲ್ಲ ರೀ.”

“ನಿನ್ನೇನೂ ಇದೇ ಹೇಳಿದ್ದೆ.”

“ನೀವು ದೇವರ ಮಾತು ಕೇಳ್ತೀರೋ, ಅವನ ಕರಡು ತಿದ್ತೀರೋ? ಪಾಪ, ಅವನಿಗೂ ಉಸಿರಾಡೋಕೆ ಬಿಡಿ.”

ಅಪ್ಪ ಸಿಟ್ಟಿನಲ್ಲಿ ಎರಡು ಹಾಳೆ ಒಟ್ಟಿಗೆ ಮಗುಚುತ್ತಿದ್ದರು. ಆಮೇಲೆ ಒಂದನ್ನು ಹಿಂದಕ್ಕೆ ತಿರುವುತ್ತಿದ್ದರು.

ಅಮ್ಮ ಆಸ್ಪತ್ರೆಯ ಬಟ್ಟೆಗಳಿಗೆ ಇಸ್ತ್ರಿ ಹಾಕುವ ಕೆಲಸದಲ್ಲಿದ್ದಳು. ಶುಕ್ರವಾರ ಮಧ್ಯಾಹ್ನದ ಊಟ ಬಿಟ್ಟು, ಆ ಬಿಡುವಿನಲ್ಲಿ ಹೆಂಗಸರ ವಾರ್ಡಿಗೆ ಹೋಗಿ, ನೋಡಲು ಯಾರೂ ಬಾರದವರ ಮಂಚದ ಬಳಿ ಕೂತು ಬರುತ್ತಿದ್ದಳು. ಅದನ್ನು ಉಪವಾಸವೆಂದೂ ಕರೆಯಲಿಲ್ಲ, ಸೇವೆಯೆಂದೂ ಕರೆಯಲಿಲ್ಲ.

“ಏನು ಓದಿ ಹೇಳ್ದೆ ಅವರಿಗೆ?” ಎಂದು ಅಪ್ಪ ಒಮ್ಮೆ ಕೇಳಿದ್ದರು.

“ಏನೂ ಇಲ್ಲ. ಆಯಮ್ಮ ಗಂಡನ್ನ ಬೈದ್ಲು. ಕೇಳಿಸ್ಕೊಂಡೆ.”

“ಅದ್ರಿಂದ ಏನು ಬಂತು?”

“ನಂಗೂ ಸ್ವಲ್ಪ ಹಗುರ ಆಯ್ತು.”

ಹೋದ ವರ್ಷ ಪದಕ ಹಂಚಿದ ದಿನ ಅಪ್ಪ ಬೇಡಿಕೊಂಡಿದ್ದರು. “ಅರ್ಥ ಆಗದಿದ್ರೂ ಪರವಾಗಿಲ್ಲ, ಬರೀ ಕಣ್ಣಾಡಿಸಿ ಮುಗಿಸ್ಬಿಡೇ. ನಾಳೆ ನಿನಗೆ ಹೆಗಲು ಕೊಡೋರು ಯಾರು?”

“ನೀವಿದೀರಲ್ಲ.”

“ನಿಯಮ ಇದೆಯಲ್ಲೇ!”

“ಬರೆದೋರು ನೀವು. ನೀವುಂಟು, ನಿಮ್ಮ ನಿಯಮ ಉಂಟು. ಈ ದುಪ್ಪಟಿಯ ಆ ತುದಿ ಹಿಡ್ಕೊಳ್ಳಿ, ಮಡಚ್ಬೇಕು.”

*

ಮಗಳು ಪದಕವನ್ನು ಅಪ್ಪನ ಅಂಗೈಯಲ್ಲಿಟ್ಟಳು. “ಇದನ್ನ ಹಾಕ್ಕೊಂಡು ಹೋಗೋದು ಅಮ್ಮ ಅಲ್ಲ, ಯಾರೋ ಬೇರೆಯವರು. ಅವರನ್ನ ಹೊರೋದಾದ್ರೆ ಹೊರಿ.”

ಅಪ್ಪ ಎದ್ದು, ಹೆಂಡತಿಯ ಮುಖವನ್ನೇ ನೋಡುತ್ತ ನಿಂತರು. ಹಿರಿಯರು ಕೆಮ್ಮಿದರು. ಅಪ್ಪ ಇನ್ನೂ ನೋಡುತ್ತಿದ್ದರು. ಅವರು ಯಾವುದೇ ಒಂದರ ಮೇಲೆ ಅಷ್ಟು ಹೊತ್ತು ಕಣ್ಣು ನಿಲ್ಲಿಸಿದ್ದನ್ನು ಮಗಳು ಕಂಡಿರಲಿಲ್ಲ.

ಮುಚ್ಚಳ ಹಾಕಿದರು. ಪದಕವಿಲ್ಲದ ನಾಲ್ವರು ಮುಂದೆ ಬಂದರು. ತಲೆಯ ಕಡೆ ನಿಂತಿದ್ದ ಬಡಗಿಯ ಬೆನ್ನು ತಟ್ಟಿ, “ಸರಿಯಪ್ಪ ಆಚೆ” ಎಂದು ಅಪ್ಪ ಅವನ ಜಾಗಕ್ಕೆ ನಿಂತರು.

“ಯಜಮಾನ್ರೇ, ನಿಯಮ…” ಹಿರಿಯರು ತಡವರಿಸಿದರು.

“ನಂಗೇ ಹೇಳ್ತೀರಾ? ಅದರಲ್ಲಿ ಅಲ್ಪವಿರಾಮ ಎಲ್ಲಿದೆ ಅನ್ನೋದೂ ನಂಗೊತ್ತು.”

“ಹಾಗಾದ್ರೆ ಕೋಟಿನ ಪದಕನಾದ್ರೂ ತೆಗೆದಿಡಿ. ಯಾರೂ ಏನೂ ಅನ್ನಲ್ಲ.”

“ಯಾಕೆ ತೆಗೀಲಿ? ನಾನು ಓದಿದ್ದು ನಿಜ. ಇವಳು ಬಾಯಿ ಮುಚ್ಕೊಂಡು ಮೆಟ್ಟಿಲ ಮೇಲೆ ಕೂತಿದ್ದೂ ನಿಜ. ಎರಡೂ ಒಂದೇ ಮನೇಲಿ ಬಾಳಿವೆ. ಒಟ್ಟಿಗೇ ಹೋಗಲಿ.”

“ಸಭೇಲಿ ಕೇಳ್ತಾರೆ…”

“ಭಾನುವಾರ ಬರ್ತೀನಿ. ಕೇಳ್ಲಿ.”

ಪೆಟ್ಟಿಗೆ ಮೇಲೆದ್ದಿತು. ಉಳಿದ ಮೂವರು ಎತ್ತರದ ಆಳುಗಳು, ಅಪ್ಪ ಕುಳ್ಳರು. ಮೊದಲ ಹೆಜ್ಜೆಗೇ ಪೆಟ್ಟಿಗೆ ಅವರ ಮೂಲೆಗೆ ವಾಲಿತು. ಬಡಗಿ ಓಡಿಬಂದು ಕೈ ಕೊಡಲು ಹೋದ. ಅಪ್ಪ ಮೊಣಕೈಯಿಂದ ಅವನನ್ನು ತಳ್ಳಿದರು. ಬೀದಿಗಿಳಿದು, ಔಷಧಿ ಅಂಗಡಿ ದಾಟಿ, ಹೊಲಿಗೆಯಂತ್ರ ನಿಲ್ಲಿಸಿ ಎದ್ದು ನಿಂತ ದರ್ಜಿಯನ್ನು ದಾಟಿ, ಪೆಟ್ಟಿಗೆ ಹಾಗೇ ವಾರೆಯಾಗಿ ಸಾಗಿತು. ಒಳಗಿದ್ದವಳ ಭಾರವೆಲ್ಲ ಜಾರಿ ಜಾರಿ, ಗಂಡನ ಕಿವಿಯ ಹತ್ತಿರಕ್ಕೆ ಬರುತ್ತಿತ್ತು.